ಒಂದೇ ಮಗುವನ್ನು ಐವತ್ತು ವರ್ಷ ನೋಡುವುದು

ಮೂರು ವರ್ಷದ ಮಗುವೊಂದು ಅಮ್ಮನ ಜೊತೆ ಗುರುತಿಲ್ಲದ ಜಾಗಕ್ಕೆ ಬರುತ್ತದೆ. ಅಲ್ಲಿ ಗುರುತಿಲ್ಲದ ಒಬ್ಬರು ಒಂದೂವರೆ ಗಂಟೆ ಹೊತ್ತು ಅದನ್ನು ಮಾತಾಡಿಸುತ್ತಾರೆ, ಚಿತ್ರ ತೋರಿಸುತ್ತಾರೆ, ನಡೆಸಿ ಓಡಾಡಿಸಿ ಕೈಕಾಲಿನ ಹಿಡಿತ ನೋಡುತ್ತಾರೆ. ಎಲ್ಲ ಮುಗಿದ ಮೇಲೆ ಒಂದು ಹಾಳೆ ತುಂಬುತ್ತಾರೆ. ಕೂತಲ್ಲಿ ಕೂರುತ್ತಿತ್ತೇ? ಬಾರದ ಕೆಲಸವನ್ನು ಇನ್ನೊಮ್ಮೆ ಮಾಡಲು ನೋಡಿತೇ, ಅಲ್ಲೇ ಬಿಟ್ಟಿತೇ? ಬೇಗ ರೇಗಿತೇ? ಹೊಸಬರ ಹತ್ತಿರ ಬಾಯೇ ಬಿಡಲಿಲ್ಲವೇ? ಹೀಗೆ ಹಾಳೆ ತುಂಬಿದ್ದು 1975–76ರ ಸುಮಾರಿಗೆ, ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಡುನೆಡಿನ್ ಊರಿನಲ್ಲಿ. ಅದೇ ಮಗುವಿಗೆ 32 ವರ್ಷವಾದಾಗ ಅದರ ಹಲ್ಲು, ರಕ್ತ, ಆದಾಯ, ಕೋರ್ಟಿನ ದಾಖಲೆ ಎಲ್ಲವನ್ನೂ ಆ ಹಳೆಯ ಹಾಳೆಯ ಪಕ್ಕದಲ್ಲಿಟ್ಟು ನೋಡಿದರು. ಅದೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸುವ ಡುನೆಡಿನ್ ಅಧ್ಯಯನ ಇದು.

ಮಕ್ಕಳ ಸ್ವಭಾವದ ಬಗ್ಗೆ ನಮ್ಮಲ್ಲಿ ಗಾದೆಗಳಿಗೆ ಬರವಿಲ್ಲ. ಬೆಳೆಯ ಸಿರಿ ಮೊಳಕೆಯಲ್ಲಿ ನೋಡು ಅನ್ನುತ್ತೇವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಲೂ ಕೇಳುತ್ತೇವೆ. ಒಂದೇ ಉಸಿರಿನಲ್ಲಿ ಎರಡನ್ನೂ ಹೇಳುವವರಿದ್ದಾರೆ, ಆದರೆ ಎರಡೂ ಒಂದೇ ಮಾತಲ್ಲ. ಮುಂದೆ ಬರುವುದೆಲ್ಲ ಮೊಳಕೆಯಲ್ಲೇ ಇದೆ ಅನ್ನುವುದು ಮೊದಲನೆಯದು; ಬಗ್ಗಿಸಲು ಒಂದು ಹೊತ್ತಿದೆ, ಅದು ದಾಟಿದರೆ ಕಷ್ಟ ಅನ್ನುವುದು ಎರಡನೆಯದು. ಯಾವುದು ಎಷ್ಟು ನಿಜ ಎಂದು ತಿಳಿಯಬೇಕಾದರೆ ಮೊಳಕೆಯನ್ನೂ ನೋಡಿರಬೇಕು, ಬೆಳೆಯನ್ನೂ ನೋಡಬೇಕು, ನಡುವೆ ಯಾವ ವರ್ಷ ಮಳೆ ಕೈಕೊಟ್ಟಿತು ಎಂಬುದನ್ನೂ ಬರೆದಿಟ್ಟಿರಬೇಕು.

ಅಷ್ಟೆಲ್ಲ ಯಾಕೆ, ದೊಡ್ಡವರನ್ನೇ ಕೂರಿಸಿ ಬಾಲ್ಯ ಹೇಗಿತ್ತು ಎಂದು ಕೇಳಿದರಾಯಿತಲ್ಲ ಅನ್ನಿಸಬಹುದು. ಡುನೆಡಿನ್ನಿನವರು ಅದನ್ನೂ ಪರೀಕ್ಷಿಸಿದರು. ಹದಿನೆಂಟಕ್ಕೆ ಬಂದ ಹುಡುಗ ಹುಡುಗಿಯರು ತಮ್ಮ ಬಾಲ್ಯದ ಬಗ್ಗೆ ಹೇಳಿದ್ದನ್ನು, ಬಾಲ್ಯ ನಡೆಯುತ್ತಿದ್ದಾಗಲೇ ಬರೆದಿಟ್ಟ ದಾಖಲೆಗಳ ಜೊತೆ ಹೋಲಿಸಿ 1994ರಲ್ಲಿ ಪ್ರಕಟಿಸಿದರು. ಎಷ್ಟು ಸಲ ಮನೆ ಬದಲಾಯಿಸಿದೆವು ಎಂಬಂಥ ಸಂಗತಿ ಸುಮಾರಾಗಿ ತಾಳೆಯಾಯಿತು. ಮನೆಯಲ್ಲಿ ಜಗಳ ಎಷ್ಟಿತ್ತು, ಅಮ್ಮ ಎಷ್ಟು ಕುಗ್ಗಿದ್ದಳು, ನಾನು ಎಷ್ಟು ತುಂಟನಾಗಿದ್ದೆ ಎಂಬಲ್ಲಿಗೆ ಬಂದಾಗ ತಾಳೆ ತೀರ ಕಡಿಮೆ. ಬೇಕೆಂದೇ ಯಾರೂ ಸುಳ್ಳು ಹೇಳಿದ್ದಲ್ಲ. ಈಗಿನ ಮನಸ್ಸು ಹಳೆಯದನ್ನು ಈಗಿನ ಬಣ್ಣದಲ್ಲಿ ನೆನೆಯುತ್ತದೆ. ಈಗ ದುಃಖದಲ್ಲಿರುವವನಿಗೆ ಬಾಲ್ಯದ ದುಃಖ ಬೇಗ ಕೈಗೆ ಸಿಗುತ್ತದೆ. ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಬಗ್ಗೆ 2019ರಲ್ಲಿ 16 ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಕಂಡದ್ದು ಇನ್ನೂ ಗಂಭೀರ. ಆಗ ದಾಖಲಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದೊಡ್ಡವರಾದ ಮೇಲೆ ಅದನ್ನು ಹೇಳಲಿಲ್ಲ. ದೊಡ್ಡವರಾದ ಮೇಲೆ ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೆಸರು ಆಗಿನ ದಾಖಲೆಯಲ್ಲಿ ಇರಲಿಲ್ಲ. ಎರಡೂ ಬೇರೆ ಬೇರೆ ಜನರ ಗುಂಪು ಎಂದೇ ಹೇಳಬೇಕು. ನೆನಪಿಗೆ ಬೆಲೆಯಿಲ್ಲ ಅಂತಲ್ಲ. ದಾಖಲೆಗೆ ಸಿಗದೆ ಹೋದದ್ದೂ ಬಹಳ ಇರುತ್ತದೆ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲಾಗದು.

ಹಾಗಾಗಿ ಹುಟ್ಟಿನಿಂದಲೋ ಎಳವೆಯಿಂದಲೋ ಹಿಂಬಾಲಿಸಬೇಕು. ಡುನೆಡಿನ್ನಿನ ಲೆಕ್ಕ ಹೀಗೆ: 1972ರ ಏಪ್ರಿಲ್ 1ರಿಂದ 1973ರ ಮಾರ್ಚ್ 31ರವರೆಗೆ ಆ ಊರಿನ ಕ್ವೀನ್ ಮೇರಿ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿ, ಮೂರನೇ ವರ್ಷಕ್ಕೆ ಆ ಪ್ರಾಂತ್ಯದಲ್ಲೇ ಇದ್ದ ಮಕ್ಕಳು 1139. ಅವರಲ್ಲಿ 1037 ಮಕ್ಕಳು ಸೇರಿದರು, ಅಂದರೆ ಶೇ. 91. ಆಮೇಲೆ 5, 7, 9, 11, 13, 15, 18, 21, 26, 32, 38, 45ನೇ ವಯಸ್ಸಿಗೆ ಕರೆದರು. ಇದನ್ನು ಕಟ್ಟಿದವರು ಫಿಲ್ ಸಿಲ್ವ. 2000ದಿಂದ ನಡೆಸಿದವರು ರಿಚಿ ಪೌಲ್ಟನ್, 2023ರಲ್ಲಿ ತೀರಿಕೊಂಡರು. 45ನೇ ವಯಸ್ಸಿನ ಸುತ್ತಿನ ಹೊತ್ತಿಗೆ ಬದುಕಿದ್ದವರು 997. ಬಂದವರು 938.

ಈ ಕೊನೆಯ ಅಂಕಿಯೇ ಇಡೀ ಅಧ್ಯಯನದ ಉಸಿರು ಎಂದು ನನ್ನ ಖಚಿತ ಅಭಿಪ್ರಾಯ. ಎಂಥ ಸೂಕ್ಷ್ಮ ಪರೀಕ್ಷೆ, ಎಂಥ ದುಬಾರಿ ಸ್ಕ್ಯಾನ್ ಇದ್ದರೂ ಬಿಟ್ಟುಹೋದವರ ಜಾಗ ತುಂಬಲಾರದು. ಯಾಕೆ ಎಂದು ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡೋಣ. ಸಾವಿರ ಮಕ್ಕಳು. ಅದರಲ್ಲಿ 200 ಮಕ್ಕಳು ಕಷ್ಟದಲ್ಲಿದ್ದಾರೆ: ಮನೆಯಲ್ಲಿ ಕುಡಿತ, ಶಾಲೆ ತಪ್ಪುವುದು, ಊರೂರು ಬದಲಾಗುವುದು. ಉಳಿದ 800 ಮಕ್ಕಳಲ್ಲಿ ಶೇ. 95 ಮುಂದಿನ ಸುತ್ತಿಗೆ ಬರುತ್ತಾರೆ, 760. ಕಷ್ಟದಲ್ಲಿರುವವರಲ್ಲಿ ಬರುವುದು ಶೇ. 60, ಅಂದರೆ 120. ಒಟ್ಟು 880. ಶೇ. 88 ಜನ ಬಂದರು ಎಂದು ವರದಿಯಲ್ಲಿ ಬರೆದರೆ ಓದಿದವರು ಮೆಚ್ಚುತ್ತಾರೆ. ಆದರೆ ಕಷ್ಟದಲ್ಲಿರುವವರ ಪಾಲು ಶೇ. 20 ಇದ್ದದ್ದು ಕಾಗದದ ಮೇಲೆ ಶೇ. 13.6ಕ್ಕೆ ಇಳಿಯಿತು. ಊರಿನ ಮಕ್ಕಳು ಸುಧಾರಿಸಿದಂತೆ ಕಾಣುತ್ತದೆ. ಸುಧಾರಿಸಿದ್ದು ಹಾಜರಿ ಪುಸ್ತಕ ಮಾತ್ರ. ಸೋರಿಕೆ ಕೂಡುತ್ತಲೂ ಹೋಗುತ್ತದೆ. ವರ್ಷಕ್ಕೆ ನೂರಕ್ಕೆ ಮೂರು ಜನ ತಪ್ಪಿದರೆ ಮೂವತ್ತು ವರ್ಷಕ್ಕೆ ಸಾವಿರದಲ್ಲಿ ಉಳಿಯುವುದು ಸುಮಾರು 400. ಸಿಗದವರ ಉತ್ತರವನ್ನು ಅಂದಾಜಿಸಿ ತುಂಬುವ ಲೆಕ್ಕದ ದಾರಿಗಳು ಇವೆ, ಉಪಯೋಗವೂ ಇದೆ. ಆದರೆ ಅವು ನಿಲ್ಲುವುದು, ತಪ್ಪಿಹೋದವನು, ತನ್ನಂಥದೇ ಸ್ಥಿತಿಯಲ್ಲಿದ್ದೂ ಅಧ್ಯಯನದಲ್ಲಿ ಉಳಿದ ಇನ್ನೊಬ್ಬನಂತೆಯೇ ಇರುತ್ತಾನೆ ಎಂಬ ನಂಬಿಕೆಯ ಮೇಲೆ. ತಪ್ಪಿಹೋದದ್ದೇ ಅವನ ಕಷ್ಟದಿಂದ ಆಗಿದ್ದರೆ ಆ ನಂಬಿಕೆ ಅಲ್ಲಿಗೇ ಮುರಿಯಿತು.

ಡುನೆಡಿನ್ನಿನ ಪಟ್ಟಿಯಲ್ಲಿ ಒಂದು ಜಾಗ ಕಣ್ಣಿಗೆ ಬೀಳುತ್ತದೆ. 13ನೇ ವಯಸ್ಸಿನ ಸುತ್ತಿಗೆ ಸಿಕ್ಕವರು 850, ಶೇ. 82 ಮಾತ್ರ. ಬೇರೆ ಕಡೆಯಾಗಿದ್ದರೆ ಅಲ್ಲಿಂದ ಇಳಿಮುಖವೇ. ಇಲ್ಲಿ 15ಕ್ಕೆ 976 ಜನ, 18ಕ್ಕೆ 993 ಜನ ಬಂದರು. ಒಂದು ಸುತ್ತು ತಪ್ಪಿಸಿಕೊಂಡವರ ಹೆಸರು ಹೊಡೆದುಹಾಕಲಿಲ್ಲ ಎಂಬುದರಲ್ಲೇ ಇದರ ಗುಟ್ಟಿದೆ. ಈ ಸಲ ಆಗಲ್ಲ ಅಂದವನಿಗೆ ಮುಂದಿನ ಸಲವೂ ಕರೆ ಹೋಗಬೇಕು. ಬೇಡವೇ ಬೇಡ, ಇನ್ನು ಕರೆಯಬೇಡಿ ಅಂದವನನ್ನು ಮಾತ್ರ ಬಿಡಬೇಕು. ಎರಡನ್ನೂ ಒಂದೇ ಕಾಲಮ್ಮಿನಲ್ಲಿ ‘ನಿರಾಕರಣೆ’ ಎಂದು ಬರೆದುಕೊಳ್ಳುವುದು ಈ ಕೆಲಸದಲ್ಲಿ ಆಗುವ ತೀರ ಸಾಮಾನ್ಯವಾದ, ತೀರ ದುಬಾರಿಯಾದ ತಪ್ಪು.

ಉಳಿಸಿಕೊಳ್ಳುವ ಕೆಲಸ ವಿಜ್ಞಾನದಂತೆ ಕಾಣುವುದಿಲ್ಲ, ನೆಂಟಸ್ತಿಕೆಯಂತೆ ಕಾಣುತ್ತದೆ. ವಿದೇಶಕ್ಕೆ ಹೋದವರಿಗೆ ವಿಮಾನದ ಟಿಕೆಟ್ ಕೊಟ್ಟು ಡುನೆಡಿನ್ನಿಗೆ ಕರೆಸುತ್ತಾರೆ. ಬರಲಾಗದವರ ಹತ್ತಿರ ತಾವೇ ಹೋಗುತ್ತಾರೆ, ಜೈಲಿಗೂ. ಹೇಳಿದ್ದು ಮನೆಯವರಿಗೂ ಪೊಲೀಸರಿಗೂ ಹೋಗುವುದಿಲ್ಲ ಎಂಬ ಮಾತನ್ನು ದಶಕಗಟ್ಟಲೆ ಉಳಿಸಿಕೊಂಡಿದ್ದಾರೆ. ಸಂದರ್ಶನ ಮಾಡುವವರಿಗೆ ಎದುರು ಕೂತವರ ಹಿಂದಿನ ಸುತ್ತಿನ ಉತ್ತರ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಹಳೆಯ ಚಿತ್ರವೇ ಹೊಸ ಅಂಕಿಯ ಮೇಲೆ ಬೀಳುತ್ತದೆ.

ನಮ್ಮ ಕಡೆ ಇಂಥದ್ದನ್ನು ಮಾಡಿದರೆ ಸೋರುವ ಜಾಗಗಳೇ ಬೇರೆ. ಹುಡುಗಿ ಮದುವೆಯಾಗಿ ಗಂಡನ ಊರಿಗೆ ಹೋಗುತ್ತಾಳೆ, ಹೆಸರಿನ ಮುಂದಿನ ಇನಿಷಿಯಲ್ ಬದಲಾಗುತ್ತದೆ. ಮೊಬೈಲ್ ನಂಬರ್ ಆಫರ್ ಬಂದಾಗಲೆಲ್ಲ ಬದಲಾಗುತ್ತದೆ. ಆದ್ದರಿಂದ ಒಂದು ಮಗುವಿಗೆ ಕಡಿಮೆಯೆಂದರೆ ಮೂರು ಸಂಪರ್ಕ ಬರೆದುಕೊಳ್ಳಬೇಕು, ಮೂರೂ ಒಂದೇ ಮನೆಯವರಾಗಿರಬಾರದು: ಅಜ್ಜಿ ಮನೆಯ ಕಡೆಯವರೊಬ್ಬರು, ಊರು ಬಿಡುವ ಸಂಭವವಿಲ್ಲದ ಪಕ್ಕದ ಅಂಗಡಿಯವರೊಬ್ಬರು, ಅಪ್ಪನ ಕಡೆಯವರೊಬ್ಬರು. ವರ್ಷಕ್ಕೊಮ್ಮೆ ಫೋನು ಮಾಡಿ ನಂಬರ್ ಖಚಿತ ಮಾಡಿಕೊಳ್ಳಬೇಕು. ಬಾಣಂತನಕ್ಕೆ ತವರಿಗೆ ಬರುವ ತಿಂಗಳುಗಳು, ಊರಹಬ್ಬ, ಇಂಥ ಹೊತ್ತು ನೋಡಿ ಭೇಟಿ ಗೊತ್ತು ಮಾಡಿದರೆ ದೂರದವರೂ ಸಿಗುತ್ತಾರೆ.

ಇನ್ನು ಹುಟ್ಟಿದ ದಿನ. ನಮ್ಮ ಶಾಲಾ ದಾಖಲೆಗಳಲ್ಲಿ ಜೂನ್ 1ರಂದು ಹುಟ್ಟಿದ ಮಕ್ಕಳು ಎಷ್ಟಿದ್ದಾರೆ ಎಂಬುದು ಎಲ್ಲರಿಗೂ ಗೊತ್ತು. ಸೇರಿಸುವಾಗ ವಯಸ್ಸು ಕೂಡಿಬರಲಿ ಎಂದು ಮೇಷ್ಟ್ರು ಬರೆದ ದಿನ ಅದು. ಶಾಲೆಗೆ ಅದರಿಂದ ತೊಂದರೆಯಿಲ್ಲ. ಆದರೆ ಮಕ್ಕಳ ಬುದ್ಧಿಪರೀಕ್ಷೆಯ ಅಂಕವನ್ನು ಅದೇ ವಯಸ್ಸಿನವರ ಜೊತೆ ತಿಂಗಳುಗಳ ಲೆಕ್ಕದಲ್ಲಿ ಹೋಲಿಸುತ್ತಾರೆ. ಎಂಟು ತಿಂಗಳು ಹೆಚ್ಚು ಬರೆದಿದ್ದರೆ ಚುರುಕಾದ ಮಗುವೂ ಹಿಂದುಳಿದಂತೆ ಕಾಣುತ್ತದೆ. ಶಾಲೆಯ ದಾಖಲೆ ಒಪ್ಪಿಕೊಳ್ಳುವ ಮೊದಲು ತಾಯಿ ಕಾರ್ಡು, ಆಸ್ಪತ್ರೆಯ ಚೀಟಿ, ಅದೂ ಇಲ್ಲದಿದ್ದರೆ ಯಾವ ಹಬ್ಬದ ಹಿಂದೆ ಮುಂದೆ ಹುಟ್ಟಿತು ಎಂದು ಅಜ್ಜಿಯನ್ನು ಕೇಳುವುದು ಮೇಲು.

ಮೈಸೂರಿನಲ್ಲಿ ಈ ತೊಂದರೆ ಇರಲಿಲ್ಲ, ಯಾಕೆಂದರೆ ಅಲ್ಲಿ ಹೊಟ್ಟೆಯಲ್ಲಿದ್ದಾಗಲೇ ಲೆಕ್ಕ ಶುರುವಾಗಿತ್ತು. ಊರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರಿಗೆ ಸುಮಾರು 30ನೇ ವಾರದಲ್ಲಿ ಗ್ಲೂಕೋಸ್ ಕುಡಿಸಿ ಸಕ್ಕರೆ ಪರೀಕ್ಷೆ ಮಾಡಿದರು. ಅವರಿಗೆ ಹುಟ್ಟಿದ ಮಕ್ಕಳನ್ನು ಹಿಂಬಾಲಿಸುವ ಈ ಕೆಲಸಕ್ಕೆ ಪಾರ್ಥೆನಾನ್ ಅಧ್ಯಯನ ಎಂದು ಹೆಸರು. ಮೂಲ ಪ್ರಶ್ನೆ ಸಕ್ಕರೆ ಕಾಯಿಲೆಯದು, ಹೃದಯದ್ದು. ಮಕ್ಕಳಿಗೆ 9–10 ವರ್ಷವಾದಾಗ ಕಲಿಯುವ ಶಕ್ತಿ, ನೆನಪು, ಮಾತು, ಗಮನ ಇವನ್ನೂ ಅಳೆದರು. ಬಸುರಿನಲ್ಲಿ ಫೋಲೇಟ್ ಎಂಬ ಜೀವಸತ್ವ ಹೆಚ್ಚಿದ್ದ ತಾಯಂದಿರ ಮಕ್ಕಳು ಹೆಚ್ಚು ಅಂಕ ತೆಗೆದರು. ಬಿ-12ಕ್ಕೆ ಅಂಥ ನಂಟು ಕಾಣಲಿಲ್ಲ. ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಂಡ ತಾಯಂದಿರ ಮಕ್ಕಳು ಹಿಂದುಳಿದಿರಬಹುದು ಎಂದು ಎಣಿಸಿದ್ದರೆ, ಕೆಲವು ಪರೀಕ್ಷೆಗಳಲ್ಲಿ ಅವರೇ ಮುಂದಿದ್ದರು. ಹಾಗೆಂದು ಸಕ್ಕರೆ ಒಳ್ಳೆಯದು ಅಂತಲ್ಲ. ಪರೀಕ್ಷೆಗೆ ಬಂದ 515 ಮಕ್ಕಳಲ್ಲಿ ಅಂಥ ತಾಯಂದಿರ ಮಕ್ಕಳು 32 ಮಾತ್ರ. ಇಷ್ಟು ಚಿಕ್ಕ ಗುಂಪಿನಲ್ಲಿ ನಾಲ್ಕೈದು ಮಕ್ಕಳು ಆಚೀಚೆಯಾದರೂ ಸರಾಸರಿ ಹೊರಳುತ್ತದೆ. ನಿರೀಕ್ಷೆಗೆ ಎದುರಾದ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದನ್ನು ಮಾತ್ರ ಮೆಚ್ಚಲೇಬೇಕು.

ಅಂದಹಾಗೆ, ಬೇರೆ ದೇಶದಲ್ಲಿ ತಯಾರಾದ ಪರೀಕ್ಷೆಯನ್ನು ಕನ್ನಡಕ್ಕೆ ತರುವುದೇ ಒಂದು ದೊಡ್ಡ ಕೆಲಸ. ಅಂಕಿಗಳನ್ನು ಓದಿ ಹೇಳಿ ಮಗುವಿನ ಬಾಯಲ್ಲಿ ವಾಪಸ್ ಹೇಳಿಸುವ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನ ‘ಟೂ’, ‘ನೈನ್’ ಒಂದೊಂದೇ ಉಸಿರಿನ ಮಾತುಗಳು. ನಮ್ಮ ‘ಎರಡು’, ‘ಒಂಬತ್ತು’ ಮೂರು ಮೂರು ಅಕ್ಷರ. ಮನಸ್ಸು ಅಂಕಿಗಳನ್ನು ಒಳಗೊಳಗೇ ಹೇಳಿಕೊಂಡು ಹಿಡಿದಿಡುವುದರಿಂದ ಮಾತು ಉದ್ದವಾದಷ್ಟೂ ಕಡಿಮೆ ಅಂಕಿ ಹಿಡಿಯುತ್ತದೆ. ವೆಲ್ಷ್ ಭಾಷೆಯ ಮಕ್ಕಳ ವಿಷಯದಲ್ಲಿ 1980ರಲ್ಲೇ ಇದನ್ನು ಚರ್ಚಿಸಿದ್ದಾರೆ. ಈಗಂತೂ ಕನ್ನಡ ಮಾಧ್ಯಮದ ಮಗು ‘ಏಳು, ಎರಡು, ಒಂಬತ್ತು’ ಅಂದರೆ ಇಂಗ್ಲಿಷ್ ಮಾಧ್ಯಮದ ಮಗು ‘ಸೆವೆನ್, ಟೂ, ನೈನ್’ ಅನ್ನುತ್ತದೆ. ಒಂದೇ ಬೀದಿಯ ಇಬ್ಬರು ಮಕ್ಕಳ ನೆನಪನ್ನು ಎರಡು ಅಳತೆಗೋಲಿನಲ್ಲಿ ಅಳೆದಂತಾಯಿತು. ಯಾವ ಭಾಷೆಯಲ್ಲಿ ಹೇಳಿತು ಎಂಬುದನ್ನು ಪ್ರತಿ ಸುತ್ತಿನಲ್ಲೂ ಬರೆದಿಟ್ಟುಕೊಳ್ಳದಿದ್ದರೆ, ಏಳರಲ್ಲಿ ಕನ್ನಡದಲ್ಲಿ ಹೇಳಿ ಹತ್ತರಲ್ಲಿ ಇಂಗ್ಲಿಷಿನಲ್ಲಿ ಹೇಳಿದ ಮಗುವಿನ ನೆನಪು ‘ಬೆಳೆದಿದೆ’ ಎಂದು ಬರೆದುಬಿಡುತ್ತೇವೆ. ಒಂದು ನಿಮಿಷದಲ್ಲಿ ‘ಹ’ದಿಂದ ಶುರುವಾಗುವ ಮಾತು ಹೇಳು ಅನ್ನುವ ಪರೀಕ್ಷೆಯೂ ಹಾಗೇ. ಮಂಡ್ಯದ ಕಡೆ ಹಾಲು ‘ಆಲು’, ಹೂವು ‘ಊವು’. ಅಲ್ಲಿನ ಮಗುವಿಗೆ ಕೊಡುವ ಅಕ್ಷರ ‘ಹ’ ಆಗಬಾರದು. ‘ಮ’, ‘ಕ’ ಆಗಬಹುದು. ‘ಕ’ ಅಂದಾಗ ‘ಕಿವಿ’, ‘ಕುದುರೆ’ ಲೆಕ್ಕಕ್ಕೆ ಬರುತ್ತವೆಯೇ ಎಂದು ಮೊದಲೇ ತೀರ್ಮಾನಿಸಿ ಬರೆದಿಡಬೇಕು, ಇಲ್ಲದಿದ್ದರೆ ಹತ್ತು ವರ್ಷದ ನಂತರ ಬಂದ ಹೊಸ ಪರೀಕ್ಷಕರು ಬೇರೆ ಲೆಕ್ಕ ಹಾಕುತ್ತಾರೆ.

ಅಳತೆಗೋಲು ಬದಲಾಗದಿದ್ದರೂ ಅಳೆಯುವ ವಸ್ತು ಬದಲಾಗುತ್ತದೆ ಎಂಬುದು ಇನ್ನೊಂದು ತೊಡಕು. ಮೂರರಲ್ಲಿ ಹಿಡಿತವಿಲ್ಲದಿರುವುದು ಅಂದರೆ ನೆಲಕ್ಕೆ ಬಿದ್ದು ಹೊರಳಾಡುವುದು. ಒಂಬತ್ತರಲ್ಲಿ ಅದೇ ಗುಣ ಬೆಂಚಿನಲ್ಲಿ ಕೂರದಿರುವುದಾಗಿ, ಮೂವತ್ತರಲ್ಲಿ ಕೈಗೆ ಬಂದ ಸಂಬಳ ಹತ್ತು ದಿನದಲ್ಲಿ ಖಾಲಿಯಾಗುವುದಾಗಿ ಕಾಣಬಹುದು. ಒಂದೇ ಪ್ರಶ್ನೆಯನ್ನು ಎಲ್ಲ ವಯಸ್ಸಿಗೂ ಕೇಳಿದರೆ ಗುಣ ಮಾಯವಾದಂತೆ ಕಾಣುತ್ತದೆ. ಡುನೆಡಿನ್ನಿನವರು ಸ್ವನಿಯಂತ್ರಣ ಅಳೆಯಲು ಒಂದು ಪರೀಕ್ಷೆಯನ್ನು ನೆಚ್ಚಿಕೊಳ್ಳಲಿಲ್ಲ. 3 ಮತ್ತು 5ರಲ್ಲಿ ಪರೀಕ್ಷಕರು ಕಂಡದ್ದು, 5ರಿಂದ 11ರವರೆಗೆ ಅಪ್ಪ ಅಮ್ಮ ಮತ್ತು ಶಿಕ್ಷಕರು ಹೇಳಿದ್ದು, ಕೊನೆಗೆ ಮಗುವೇ ಹೇಳಿದ್ದು ಎಲ್ಲ ಸೇರಿಸಿ ಒಂದು ಅಂಕ ಮಾಡಿದರು. ಅಮ್ಮನ ಕಣ್ಣಿಗೆ ಕಾಣದ್ದು ಟೀಚರ ಕಣ್ಣಿಗೆ ಬೀಳುತ್ತದೆ. ಒಬ್ಬರ ಆ ದಿನದ ಬೇಸರ ಇನ್ನೊಬ್ಬರ ಮಾತಿನಿಂದ ಸರಿಹೋಗುತ್ತದೆ.

2011ರಲ್ಲಿ ಬಂದ ಫಲಿತಾಂಶ ಬಹಳ ಸುದ್ದಿಯಾಯಿತು. ಬಾಲ್ಯದ ಸ್ವನಿಯಂತ್ರಣದ ಪ್ರಕಾರ ಮಕ್ಕಳನ್ನು ಐದು ಸಮಪಾಲು ಮಾಡಿದಾಗ, ಕೆಳಗಿನ ಪಾಲಿನಲ್ಲಿ ಶೇ. 43 ಜನರಿಗೆ 32ರೊಳಗೆ ಅಪರಾಧದ ಶಿಕ್ಷೆಯಾಗಿತ್ತು. ಮೇಲಿನ ಪಾಲಿನಲ್ಲಿ ಶೇ. 13. ಆರೋಗ್ಯ, ಹಣಕಾಸು ಎಲ್ಲದರಲ್ಲೂ ಇದೇ ಏಣಿ. ಮನೆಯ ಸ್ಥಿತಿಗತಿ, ಬುದ್ಧಿಮಟ್ಟ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಏಣಿ ಉಳಿಯಿತು. ಮೊಳಕೆಯ ಗಾದೆಯೇ ಗೆದ್ದಿತು ಎಂದು ಹಲವರು ಬರೆದರು. ಆದರೆ ಅದೇ 43ರ ಇನ್ನೊಂದು ಮಗ್ಗುಲು 57. ಕೆಳಗಿನ ಪಾಲಿನ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಕೋರ್ಟಿನಲ್ಲಿ ಶಿಕ್ಷೆ ಕಾಣಲಿಲ್ಲ. ಅದೇ ಲೇಖನದಲ್ಲಿ ಇನ್ನೂ ಒಂದು ಮಾತಿತ್ತು, ಸುದ್ದಿಯಲ್ಲಿ ಕಡಿಮೆ ಬಂದದ್ದು: ಬೆಳೆಯುತ್ತ ಬೆಳೆಯುತ್ತ ಸ್ವನಿಯಂತ್ರಣ ಹೆಚ್ಚಿಸಿಕೊಂಡ ಮಕ್ಕಳ ಬದುಕು, ಮೊದಲ ಅಂಕ ನೋಡಿ ಎಣಿಸಿದ್ದಕ್ಕಿಂತ ಒಳ್ಳೆಯದಾಗಿತ್ತು. ನರ್ಸರಿ ಸೇರಿಸುವಾಗ ಮೂರರ ಮಗುವನ್ನು ಸಂದರ್ಶನ ಮಾಡಿ ‘ಈ ಮಗು ಕೂರುವುದಿಲ್ಲ’ ಎಂದು ವಾಪಸ್ ಕಳಿಸುವವರು ಈ ಎರಡು ಸಾಲನ್ನು ಓದಬೇಕು. ಗುಂಪಿನ ಬಗ್ಗೆ ನಿಜವಾದ ಮಾತು, ಎದುರಿಗೆ ನಿಂತ ಒಂದು ಮಗುವಿನ ಮೇಲೆ ಹೊರಿಸುವ ತೀರ್ಪಾಗಬಾರದು.

ಇಂಥ ಅಧ್ಯಯನವೂ ತಪ್ಪಬಲ್ಲದು. 2003ರಲ್ಲಿ ಇದೇ ತಂಡ 847 ಜನರ ಲೆಕ್ಕದಿಂದ, ಮೆದುಳಿನ ರಾಸಾಯನಿಕವಾದ ಸೆರಟೋನಿನ್‌ಗೆ ಸಂಬಂಧಿಸಿದ ಒಂದು ವಂಶವಾಹಿಯ ಚಿಕ್ಕ ರೂಪ ಇರುವವರಿಗೆ ಕಷ್ಟ ಬಂದಾಗ ಖಿನ್ನತೆ ಹೆಚ್ಚು ಎಂದು ಬರೆಯಿತು. ಲೋಕವೆಲ್ಲ ಓದಿತು. ಆಮೇಲೆ ಬಹುಪಾಲು ದೊಡ್ಡ ಗುಂಪುಗಳಲ್ಲಿ ಹುಡುಕಿದವರಿಗೆ ಅದು ಸಿಗಲಿಲ್ಲ. ಐವತ್ತು ವರ್ಷ ಹಿಂಬಾಲಿಸಿದರೂ ಸಾವಿರ ಜನ ಸಾವಿರವೇ. ಒಂದೊಂದೂ ಕೂದಲೆಳೆಯಷ್ಟು ಪ್ರಭಾವ ಬೀರುವ ವಂಶವಾಹಿಗಳನ್ನು ಹಿಡಿಯಲು ಲಕ್ಷಗಟ್ಟಲೆ ಜನ ಬೇಕು. ಉದ್ದಕ್ಕೆ ನೋಡಿದ್ದು ಅಗಲಕ್ಕೆ ನೋಡಿದ್ದರ ಬದಲಿಯಲ್ಲ.

ಊರು, ಕಾಲ ಇವುಗಳ ಗುರುತೂ ಫಲಿತಾಂಶದ ಮೈಮೇಲೆ ಉಳಿಯುತ್ತದೆ. ಆ ಮಕ್ಕಳು ಬೆಳೆದದ್ದು ಸೀಸ ಬೆರೆಸಿದ ಪೆಟ್ರೋಲಿನ ಹೊಗೆಯಲ್ಲಿ. 11ನೇ ವಯಸ್ಸಿಗೆ 565 ಮಕ್ಕಳ ರಕ್ತದಲ್ಲಿ ಸೀಸ ಅಳೆದಿಟ್ಟಿದ್ದರು. 38ನೇ ವಯಸ್ಸಿಗೆ ನೋಡಿದಾಗ, ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಸೀಸ ಹೆಚ್ಚಿದ್ದ ಕಡೆ ಬುದ್ಧಿಮಟ್ಟದ ಅಂಕ ಸುಮಾರು 1.6ರಷ್ಟು ಕಡಿಮೆ. ಬೇರೆ ಊರುಗಳಲ್ಲಿ ಸೀಸ ಹೆಚ್ಚಾಗಿ ಬಡವರ ಕೇರಿಯಲ್ಲಿರುವುದರಿಂದ ಬಡತನ ಯಾವುದು, ಸೀಸ ಯಾವುದು ಎಂದು ಬಿಡಿಸಲಾಗುವುದಿಲ್ಲ. ಡುನೆಡಿನ್ನಿನಲ್ಲಿ ಅದು ಬಡವ ಶ್ರೀಮಂತ ಎನ್ನದೆ ಹಂಚಿಹೋಗಿತ್ತು. 1980ರ ದಶಕದಲ್ಲಿ ತೆಗೆದ ಆ ರಕ್ತದ ಅಂಕಿ ಮೂವತ್ತು ವರ್ಷದ ನಂತರ ಹೀಗೆ ಮಾತಾಡಿತು. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಅದಕ್ಕೆ ಮುಂಚೆ ನಮ್ಮ ದೊಡ್ಡ ರಸ್ತೆಗಳ ಪಕ್ಕದಲ್ಲಿ ಬೆಳೆದ ಒಂದು ಇಡೀ ತಲೆಮಾರು ಈಗ ನಡುವಯಸ್ಸಿನಲ್ಲಿದೆ.

ಇನ್ನು, ನೋಡುವವರು ಬರೀ ನೋಡುತ್ತ ಕೂರಲಾಗದ ಗಳಿಗೆಗಳಿವೆ. ಹದಿನೈದರ ಹುಡುಗಿ ಸಾಯಬೇಕೆನಿಸುತ್ತದೆ ಅಂದಳು. ಅವಳಿಗೆ ಸಹಾಯ ಮಾಡಿದರೆ ಅಧ್ಯಯನದ ದಾರಿ ಬದಲಾಗುತ್ತದೆ, ನಿಜ. ಬದಲಾಗಲಿ. ಯಾವ ಮಾತು ಕೇಳಿದರೆ ಗುಟ್ಟು ಮುರಿದು ಯಾರಿಗೆ ತಿಳಿಸುತ್ತೇವೆ ಎಂಬುದನ್ನು ಮೊದಲೇ, ಮಗುವಿಗೆ ಅರ್ಥವಾಗುವ ಮಾತಿನಲ್ಲಿ, ಸಂದರ್ಶನಕ್ಕೆ ಮುಂಚೆ ಹೇಳಿರಬೇಕು. ಯಾವ ದಿನ ಏನು ಸಹಾಯ ಸಿಕ್ಕಿತು ಎಂದು ಬರೆದಿಟ್ಟರೆ ಲೆಕ್ಕದಲ್ಲಿ ಅದನ್ನು ಸೇರಿಸಿಕೊಳ್ಳಬಹುದು. ಒಪ್ಪಿಗೆಯೂ ಒಂದೇ ಸಲದ್ದಲ್ಲ. ಮೂರರಲ್ಲಿ ಅಮ್ಮ ಹಾಕಿದ ಸಹಿ ಹದಿನೆಂಟಕ್ಕೆ ಸಾಲದು. ಅವನೇ, ಅವಳೇ ಹೂಂ ಅನ್ನಬೇಕು.

ಡುನೆಡಿನ್ನಿನ ಆ ಮಕ್ಕಳಿಗೆ ಮಕ್ಕಳಾದಾಗ ಹೊಸದೊಂದು ಕೆಲಸ ಶುರುವಾಯಿತು. ಅವರ ಮಗುವಿಗೆ ಮೂರು ವರ್ಷವಾದ ಕೂಡಲೇ ತಂಡದವರು ಹೋಗಿ, ಅಪ್ಪನೋ ಅಮ್ಮನೋ ಮಗುವಿನ ಜೊತೆ ಆಡುವುದನ್ನು ವೀಡಿಯೋ ಮಾಡಿಕೊಂಡರು. ತಾವು ಮೂರರಲ್ಲಿ, ಐದರಲ್ಲಿ, ಹದಿಮೂರರಲ್ಲಿ ಹೇಗೆ ಬೆಳೆದೆವು ಎಂಬ ದಾಖಲೆ ಒಂದು ಕಡೆ, ತಮ್ಮ ಮಗುವನ್ನು ಈಗ ಹೇಗೆ ಆಡಿಸುತ್ತಿದ್ದೇವೆ ಎಂಬುದು ಇನ್ನೊಂದು ಕಡೆ. 2005ರಲ್ಲಿ ಬಂದ ಲೇಖನದ ಪ್ರಕಾರ, ಬೆಚ್ಚಗೆ, ಅಕ್ಕರೆಯಿಂದ ಬೆಳೆದ ಹೆಣ್ಣುಮಕ್ಕಳು ತಾಯಿಯಾದಾಗ ಅದೇ ಅಕ್ಕರೆ ತೋರಿದರು. ಗಂಡಸರಲ್ಲಿ ಆ ನಂಟು ಕಾಣಲಿಲ್ಲ. ತಾವು ಹೇಗೇ ಬೆಳೆದಿರಲಿ, ಮಗುವಿನ ಎದುರು ನೆಲದ ಮೇಲೆ ಕೂತಾಗ ಅಪ್ಪಂದಿರು ಅವರವರ ದಾರಿಯಲ್ಲೇ ಇದ್ದರು.